ಕಪಾಟಿನಲ್ಲಿ ಭದ್ರವಾಗಿದ್ದ ಡಿವಿಡಿಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಳೆಯ ಫೋಟೊ, ವಿಡಿಯೊಗಳನ್ನೆಲ್ಲ ನಾನು 2010ರ ಸುಮಾರಿಗೆ 43 ಡಿವಿಡಿಗಳಿಗೆ ಬರೆದು, ಉಕ್ಕಿನ ಕಪಾಟಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೆ. ಹಾರ್ಡ್ ಡಿಸ್ಕ್‌ನಂತೆ ಮೋಟಾರು ಕೆಡುವ ಭಯವಿಲ್ಲದ ಈ ತಟ್ಟೆಗಳು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತವೆ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದ್ದೆ. ಅಪ್ಪನ ವರ್ಷಾಂತಕ್ಕೆ ಊರಿನಿಂದ ಬಂದ ಚಿಕ್ಕಪ್ಪ, ಅಪ್ಪನ ತಾಳಮದ್ದಲೆಯ ವಿಡಿಯೊ ನೋಡಬೇಕೆಂದಾಗ ತೆಗೆದರೆ, ತಟ್ಟೆಯ ಅಂಚಿನಿಂದ ಒಳಕ್ಕೆ ಮಬ್ಬು ಕಲೆ ಹಬ್ಬಿತ್ತು. ಡ್ರೈವ್ ಗರಗರನೆ ತಿರುಗಿ ಸುಮ್ಮನಾಯಿತು. ಒಟ್ಟು 17 ಡಿವಿಡಿಗಳು ತೆರೆಯಲಿಲ್ಲ.

ನಾವು ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಮಾಹಿತಿ ಉಳಿಯುವುದು ಸಾವಯವ ಬಣ್ಣದ ಒಂದು ತೆಳು ಪದರದಲ್ಲಿ. ಬಿಸಿಲು, ಸೆಕೆ, ತೇವಗಳಿಗೆ ಅದು ನಿಧಾನವಾಗಿ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಈ ಊರಿನಲ್ಲಿ ಕಪಾಟಿನ ಬೀಗದಿಂದ ಏನು ಪ್ರಯೋಜನ? ಸಾಲದ್ದಕ್ಕೆ ನಾನು ತಟ್ಟೆಗಳ ಮೇಲೆ ಕಾಗದದ ಲೇಬಲ್ ಅಂಟಿಸಿದ್ದೆ, ಬರೆದ ಮೇಲೆ ಒಮ್ಮೆಯೂ ಓದಿಸಿ ನೋಡಿರಲಿಲ್ಲ.

ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿದೆ ಎಂಬ ಧೈರ್ಯವೂ ಹುಸಿಯಾಯಿತು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಅದು ಕಂಪ್ಯೂಟರಿಗೆ 256 ಜಿಬಿ ಎಂದು ತೋರಿಸುತ್ತಿತ್ತಾದರೂ ಒಳಗಿದ್ದದ್ದು 32 ಜಿಬಿ ಮಾತ್ರ. ಅಷ್ಟು ತುಂಬಿದ ಮೇಲೆ ಹಾಕಿದ ಫೈಲುಗಳ ಹೆಸರುಗಳಿದ್ದವು, ತಿರುಳಿರಲಿಲ್ಲ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕೊಂಡ ದಿನವೇ ಪೂರ್ತಿ ತುಂಬಿಸಿ ಓದಿಸಿದ್ದರೆ ಈ ಮೋಸ ಅಂದೇ ಗೊತ್ತಾಗುತ್ತಿತ್ತು. ಅಸಲಿ ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿಗಳನ್ನೂ (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಡ್ರೈವ್) ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಇಡಬಾರದು, ಏಕೆಂದರೆ ಅವು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದಲ್ಲಿ, ಮತ್ತು ಅದು ಸೋರುತ್ತದೆ. ಸೆಕೆಯಲ್ಲಿ ಇನ್ನೂ ಬೇಗ.

ಈಗ ಬೇರೆ ಬೇರೆ ಕಂಪನಿಗಳ ಎರಡು ಹಾರ್ಡ್ ಡಿಸ್ಕ್‌ಗಳಿವೆ. ಒಂದು ಪುಣೆಯ ಕೋಥ್ರೂಡ್‌ನಲ್ಲಿರುವ ತಮ್ಮನ ಮನೆಯಲ್ಲಿದ್ದು, ಚೌತಿಗೆ ಅವನು ಬಂದಾಗ ಅದಲುಬದಲಾಗುತ್ತದೆ. ಆಗ ಪ್ರತಿ ಫೈಲಿನ ಚೆಕ್‌ಸಮ್, ಅಂದರೆ ಫೈಲಿನ ಒಳಗಿನದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ, ತಾಳೆ ನೋಡುತ್ತೇವೆ. ಹಾರ್ಡ್ ಡಿಸ್ಕ್ ಅಮರವೇನಲ್ಲ, ಐದಾರು ವರ್ಷಕ್ಕೆ ಹೊಸದು ಕೊಳ್ಳುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿದಿದ್ದೇನೆ.

ತಾಳಮದ್ದಲೆಯ ತಟ್ಟೆಯನ್ನು ಗೆಳೆಯರೊಬ್ಬರ ಹಳೆಯ ಡ್ರೈವ್ ಅಷ್ಟಿಷ್ಟು ಓದಿತು. ಡಿವಿಡಿಯಲ್ಲಿ ಬರವಣಿಗೆ ನಡುವಿನಿಂದ ಅಂಚಿನ ಕಡೆಗೆ ಸಾಗುವುದರಿಂದ ಮೊದಲ ಭಾಗ ಉಳಿದಿದೆ: ಭಾಗವತರ ಪದ ಮುಗಿಯುತ್ತದೆ, ಅಪ್ಪ ಶಾಲು ಸರಿಮಾಡಿಕೊಂಡು ಅರ್ಥ ಹೇಳಲು ಬಾಯಿ ತೆರೆಯುತ್ತಾರೆ, ಅಲ್ಲಿಗೆ ಚಿತ್ರ ನಿಲ್ಲುತ್ತದೆ.