ನಾಲ್ಕು ವರ್ಷ ಬಳಸಿದ ಮೇಲೆ: ನಮ್ಮ ಕಾರ್ಖಾನೆಯ ಪೂರೈಕೆ ಯೋಜನಾ ತಂತ್ರಾಂಶ

ನಾಲ್ಕು ವರ್ಷಗಳ ಹಿಂದೆ ನಮ್ಮ ಕಾರ್ಖಾನೆ ಪೂರೈಕೆ ಸರಪಳಿಯ ಯೋಜನೆಗೆಂದು ಒಂದು ತಂತ್ರಾಂಶವನ್ನು ಕೊಂಡಿತು. ಅಂದಿನಿಂದ ಅದನ್ನು ಹೆಚ್ಚುಕಡಿಮೆ ದಿನವೂ ಬಳಸುತ್ತಿದ್ದೇನೆ. ಮಾರಾಟಕ್ಕೆ ಬಂದವರು ತೋರಿಸಿದ ಪರದೆಗೂ ನಾಲ್ಕನೆಯ ವರ್ಷದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನನ್ನೆದುರು ತೆರೆದುಕೊಳ್ಳುವ ಪರದೆಗೂ ಬಹಳ ಅಂತರವಿದೆ. ಆ ಅಂತರ ಎಂಥದ್ದೆಂದು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ತಂತ್ರಾಂಶದ ಹೆಸರು ಹಾಕುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಬಗೆಯ ಯಾವ ತಂತ್ರಾಂಶಕ್ಕಾದರೂ ಸಲ್ಲುತ್ತದೆ.

ನಮ್ಮದು ಪಂಪ್ ತಯಾರಿಕೆ. ಒಂದು ಪಂಪ್‌ಗೆ ಸುಮಾರು 60 ಬಿಡಿಭಾಗಗಳು ಬೇಕು: ಎರಕದ ಕವಚ, ನೀರನ್ನು ತಳ್ಳುವ ಚಕ್ರವಾದ ಇಂಪೆಲರ್, ಶಾಫ್ಟ್, ಬೇರಿಂಗ್, ಸೋರಿಕೆ ತಡೆಯುವ ಮೆಕ್ಯಾನಿಕಲ್ ಸೀಲ್, ಗ್ಯಾಸ್ಕೆಟ್, ಬೋಲ್ಟು. 59 ಬಂದು ಒಂದು ಬಾರದಿದ್ದರೆ ಪಂಪ್ ಹೊರಡುವುದಿಲ್ಲ. ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಒಂದು ಸೀಲ್ ಇಲ್ಲವೆಂದು ಜೋಡಣೆಯ ಸಾಲು ನಿಂತಿದೆ. ತಯಾರಿಕೆಯಲ್ಲಿರುವ ಯಾರಿಗೂ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ನಮ್ಮ ಯೋಜನೆಯೆಲ್ಲ ಎಕ್ಸೆಲ್‌ನಲ್ಲಿತ್ತು. ಹನ್ನೊಂದು ಹಾಳೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅವುಗಳ ಒಳಗುಟ್ಟು ಬಲ್ಲವರು ಒಬ್ಬರೇ. ಅವರು ರಜೆ ಹಾಕಿದ ವಾರ ಯೋಜನೆಗೂ ರಜೆ.

2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. ನಮ್ಮ ಬೇರಿಂಗ್‌ಗಳೂ ಆ ಸಾಲಿನಲ್ಲಿ ಕಾಯುತ್ತಿದ್ದ ಒಂದು ಹಡಗಿನಲ್ಲಿದ್ದವು. ಯಾವ ಗ್ರಾಹಕರ ಯಾವ ಆರ್ಡರ್ ಎಷ್ಟು ತಡವಾಗುತ್ತದೆ ಎಂಬ ಸರಳ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ನಾಲ್ಕು ದಿನ ಹಿಡಿಯಿತು. ಉತ್ತರ ಸಿಗುವ ಹೊತ್ತಿಗೆ ಅದು ಹಳತಾಗಿತ್ತು. ತಂತ್ರಾಂಶ ಕೊಳ್ಳುವ ನಿರ್ಧಾರವಾದದ್ದು ಆ ವಾರವೇ.

ಖರೀದಿ, ದಾಸ್ತಾನು, ಲೆಕ್ಕಪತ್ರ ಎಲ್ಲವನ್ನೂ ಒಂದೆಡೆ ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶ ಇದ್ದ ಮೇಲೆ ಇದೇಕೆ ಎಂದು ನಮ್ಮ ಲೆಕ್ಕಪತ್ರ ವಿಭಾಗದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಆರ್‌ಪಿಯೊಳಗಿನ ಎಂಆರ್‌ಪಿ, ಅಂದರೆ ಯಾವ ಬಿಡಿಭಾಗ ಎಷ್ಟು, ಯಾವಾಗ ಬೇಕೆಂಬ ಲೆಕ್ಕಕ್ಕೆ ದೊಡ್ಡ ಚರಿತ್ರೆಯಿದೆ. ಎಂಜಿನಿಯರ್ ಜೋಸೆಫ್ ಓರ್ಲಿಕಿ 1960ರ ದಶಕದಲ್ಲಿ ಅದಕ್ಕೆ ರೂಪ ಕೊಟ್ಟರು. 1964ರಲ್ಲಿ ಬ್ಲ್ಯಾಕ್ ಆ್ಯಂಡ್ ಡೆಕರ್ ಕಂಪನಿ ಅದನ್ನು ಮೊದಲಿಗೆ ಬಳಸಿತು. ಅದರ ತಿರುಳು ಇಷ್ಟು: ಪಂಪ್‌ಗೆ ಎಷ್ಟು ಬೇಡಿಕೆ ಬರುತ್ತದೆಂದು ಊಹಿಸಬೇಕು, ಆದರೆ ಇಂಪೆಲರ್ ಎಷ್ಟು ಬೇಕೆಂದು ಊಹಿಸಬೇಕಾಗಿಲ್ಲ. ಪಂಪ್‌ನ ಸಂಖ್ಯೆ ಗೊತ್ತಾದರೆ ಇಂಪೆಲರ್‌ನದು ಗುಣಾಕಾರ. ಈ ತಿಳಿವಳಿಕೆ ಇಂದಿಗೂ ಎಲ್ಲದರ ಬುಡದಲ್ಲಿದೆ. ಆದರೆ ಆ ಲೆಕ್ಕ ಎರಡು ಸಂಗತಿಗಳನ್ನು ಸುಮ್ಮನೆ ಒಪ್ಪಿಕೊಂಡುಬಿಡುತ್ತದೆ. ಯಂತ್ರಗಳಿಗೆ ಎಷ್ಟು ಕೆಲಸ ಹೇರಿದರೂ ಮಾಡುತ್ತವೆ ಎಂಬುದು ಒಂದು. ಸರಕು ಬರಲು ಹಿಡಿಯುವ ಕಾಲ, ಅಂದರೆ ಲೀಡ್ ಟೈಮ್, ಎಂದೂ ಬದಲಾಗುವುದಿಲ್ಲ ಎಂಬುದು ಇನ್ನೊಂದು. ನಮ್ಮಲ್ಲಿ ಶಾಫ್ಟ್ ಕಡೆಯುವ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳಿರುವುದು ಎರಡೇ. ಎಂಆರ್‌ಪಿ ಅವುಗಳ ಮೇಲೆ ಒಂದೇ ವಾರದಲ್ಲಿ ಮೂರು ವಾರದ ಕೆಲಸ ಹೊರಿಸಿ ನಿಶ್ಚಿಂತೆಯಾಗಿರುತ್ತಿತ್ತು. ಹೊಸ ತಂತ್ರಾಂಶ ಯಂತ್ರದ ಗಂಟೆಗಳನ್ನೂ ಬಿಡಿಭಾಗಗಳನ್ನೂ ಆರ್ಡರ್‌ಗಳ ದಿನಾಂಕಗಳನ್ನೂ ಒಟ್ಟಿಗಿಟ್ಟು, ಇರುವ ಮಿತಿಯೊಳಗೆ ಯಾವುದು ಮೊದಲಾಗಬೇಕೆಂದು ಲೆಕ್ಕ ಹಾಕುತ್ತದೆ. ನಾವು ಕೊಂಡದ್ದು ಇದಕ್ಕಾಗಿ.

ಮೊದಲ ಆರು ತಿಂಗಳು ನಮ್ಮ ಕೈಗೆ ಏನೂ ಹತ್ತಲಿಲ್ಲ. ತಪ್ಪು ತಂತ್ರಾಂಶದ್ದಲ್ಲ, ನಾವು ಉಣಿಸಿದ ಮಾಹಿತಿಯದು. ಒಂದು ಮಾದರಿಯ ಪಂಪ್‌ನ ಬಿಡಿಭಾಗಗಳ ಪಟ್ಟಿಯಲ್ಲಿ ಗ್ಯಾಸ್ಕೆಟ್ ಒಂದು ಎಂದಿತ್ತು, ಜೋಡಿಸುವವರು ಎರಡು ಹಾಕುತ್ತಿದ್ದರು. ವಿನ್ಯಾಸ ಬದಲಾಗಿ ಎಷ್ಟೋ ಕಾಲವಾಗಿತ್ತು. ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ. ಸ್ಟೋರ್ಸ್‌ನ ಹಿರಿಯರೊಬ್ಬರಿಗೆ ಅದು ಬಾಯಿಪಾಠವಾಗಿತ್ತು, ಅವರು ಎರಡರಷ್ಟು ತರಿಸಿಕೊಳ್ಳುತ್ತಿದ್ದರು. ಯೋಜನೆ ತಂತ್ರಾಂಶದ ಕೈಗೆ ಹೋದೊಡನೆ ಗ್ಯಾಸ್ಕೆಟ್ ಅರ್ಧಕ್ಕೇ ಮುಗಿಯಿತು. ಇಂಥವು ನೂರಾರು ಇದ್ದವು. ಒಬ್ಬೊಬ್ಬರ ತಲೆಯಲ್ಲಿದ್ದದ್ದನ್ನು ಕೇಳಿ ಕೇಳಿ ಪಟ್ಟಿಗೆ ಇಳಿಸುವುದೇ ಆ ಆರು ತಿಂಗಳ ಕೆಲಸವಾಯಿತು. ಆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿದ ಆ ಮಧ್ಯಾಹ್ನಗಳಿಗೆ ನಾನು ಇಂದಿಗೂ ಋಣಿ.

ಅತಿ ದೊಡ್ಡ ಸುಳ್ಳು ಅಡಗಿದ್ದದ್ದು ಲೀಡ್ ಟೈಮ್ ಕಾಲಂನಲ್ಲಿ. ಮೆಕ್ಯಾನಿಕಲ್ ಸೀಲ್‌ಗೆ 45 ದಿನ ಎಂದು ಬರೆದಿತ್ತು. ಅದನ್ನು ಯಾರು, ಯಾವಾಗ ಬರೆದರೆಂಬುದು ಗೊತ್ತಿಲ್ಲ. ಸರಕು ಸ್ವೀಕರಿಸಿದ ಹಳೆಯ ದಾಖಲೆಗಳನ್ನು ತೆಗೆದು ನೋಡಿದೆವು: ಬೇಗ ಬಂದದ್ದು 38 ದಿನಕ್ಕೆ, ತಡವಾದದ್ದು 81 ದಿನಕ್ಕೆ. 45 ದಿನಕ್ಕೆ ಸರಿಯಾಗಿ ಬಂದದ್ದು ಒಂದೂ ಇರಲಿಲ್ಲ.

ಈ ಏರುಪೇರಿಗೆ ಎಷ್ಟು ಬೆಲೆ ತೆರಬೇಕೆಂಬುದು ಸೇಫ್ಟಿ ಸ್ಟಾಕ್‌ನ, ಅಂದರೆ ಕೊರತೆಯಾಗದಿರಲೆಂದು ಹೆಚ್ಚಿಗೆ ಇಟ್ಟುಕೊಳ್ಳುವ ದಾಸ್ತಾನಿನ, ಲೆಕ್ಕದಲ್ಲಿ ಕಾಣುತ್ತದೆ. ವಾರಕ್ಕೆ ಸರಾಸರಿ 40 ಸೀಲ್ ಬೇಕು, ಅದರ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 15, ಬರಲು 10 ವಾರ ಎಂದುಕೊಳ್ಳಿ. ನೂರಕ್ಕೆ 95 ಬಾರಿ ಕೊರತೆಯಾಗಬಾರದೆಂದರೆ ಅದಕ್ಕೆ ಸಂಖ್ಯಾಶಾಸ್ತ್ರ ಕೊಡುವ ಗುಣಕ 1.65ನ್ನು 15ರಿಂದ ಗುಣಿಸಿ, ಅದನ್ನು 10ರ ವರ್ಗಮೂಲದಿಂದ ಗುಣಿಸಬೇಕು: ಸುಮಾರು 78 ಸೀಲ್ ಹೆಚ್ಚಿಗೆ ಇಟ್ಟುಕೊಂಡರೆ ಸಾಕು. ಈಗ ಆ 10 ವಾರದಲ್ಲೇ 2 ವಾರದ ಏರಿಳಿತವಿದೆ ಎನ್ನಿ. ಅದನ್ನೂ ಸೇರಿಸಿದರೆ ಉತ್ತರ ಸುಮಾರು 153. ಬೇಡಿಕೆ ಒಂದಿಷ್ಟೂ ಬದಲಾಗಿಲ್ಲ, ಆದರೂ ದಾಸ್ತಾನು ಹತ್ತಿರ ಹತ್ತಿರ ಎರಡರಷ್ಟಾಯಿತು. ಮುನ್ಸೂಚನೆಯನ್ನು ಇನ್ನಷ್ಟು ನಿಖರಗೊಳಿಸಲು ತಿಂಗಳುಗಟ್ಟಲೆ ಹೆಣಗುತ್ತಿದ್ದ ನಾವು ಈ ಎರಡು ಸಂಖ್ಯೆಗಳನ್ನು ನೋಡಿದ ಮೇಲೆ ಸೀಲ್ ಸರಬರಾಜುದಾರರ ಬಳಿ ಹೋದೆವು. ಬೆಲೆ ಇಳಿಸಿ ಎನ್ನಲಿಲ್ಲ; ಹೇಳಿದ ದಿನಕ್ಕೆ ಕೊಡಿ, 10 ವಾರವಾದರೆ 10 ವಾರವೇ ಇರಲಿ ಎಂದೆವು. ನಮ್ಮ ದಾಸ್ತಾನು ನಿಜವಾಗಿ ಕರಗಲು ಶುರುವಾದದ್ದು ಆ ಮಾತುಕತೆಯ ನಂತರ. ಈಗ ತಂತ್ರಾಂಶ ಪ್ರತಿ ತಿಂಗಳು ನಿಜವಾದ ಸ್ವೀಕೃತಿ ದಿನಾಂಕಗಳಿಂದ ಲೀಡ್ ಟೈಮನ್ನು ತಾನೇ ಲೆಕ್ಕ ಹಾಕಿ ಮುಂದಿಡುತ್ತದೆ, ನಾವು ಒಪ್ಪುತ್ತೇವೆ ಇಲ್ಲವೇ ತಿದ್ದುತ್ತೇವೆ. ಇಡೀ ತಂತ್ರಾಂಶದಲ್ಲಿ ನನಗೆ ಅತಿ ಪ್ರಿಯವಾದ ಸೌಲಭ್ಯ ಇದೇ. ಮಾರಾಟದ ಪ್ರದರ್ಶನದಲ್ಲಿ ಇದನ್ನು ಅವರು ತೋರಿಸಿಯೇ ಇರಲಿಲ್ಲ.

ಎರಡನೆಯ ಪಾಠ ಕಲಿಸಿದವರು ಎರಕದ ಕವಚ ಕೊಡುವವರು. ತಂತ್ರಾಂಶ ಪ್ರತಿ ರಾತ್ರಿ ಹೊಸ ಯೋಜನೆ ಮಾಡುತ್ತಿತ್ತು, ನಾವು ಪ್ರತಿ ಬೆಳಿಗ್ಗೆ ಅದನ್ನು ಹಾಗೆಯೇ ಕಳುಹಿಸುತ್ತಿದ್ದೆವು. ಒಂದು ದಿನ ಅವರು ಫೋನ್ ಮಾಡಿದರು: “ಸರ್, ಸೋಮವಾರ ನೂರು ಬೇಡ ಎಂದಿರಿ, ಗುರುವಾರ ನೂರೈವತ್ತು ಬೇಕು ಎನ್ನುತ್ತಿದ್ದೀರಿ. ಕುಲುಮೆ ಹೊತ್ತಿಸುವ ಮೊದಲು ನಾನು ಯಾವ ಮಾತನ್ನು ನಂಬಲಿ?” ನನ್ನ ಬಳಿ ಉತ್ತರವಿರಲಿಲ್ಲ. ಗ್ರಾಹಕರ ಬೇಡಿಕೆಯ ಸಣ್ಣ ಅಲುಗಾಟ ಸರಪಳಿಯಲ್ಲಿ ಹಿಂದಕ್ಕೆ ಹೋದಂತೆ ದೊಡ್ಡದಾಗುತ್ತದೆಂದು ಅಮೆರಿಕದ ಪ್ರಾಧ್ಯಾಪಕ ಜೇ ಫಾರೆಸ್ಟರ್ 1958ರಷ್ಟು ಹಿಂದೆಯೇ ತೋರಿಸಿದ್ದರು; ಬುಲ್‌ವಿಪ್ ಎಂಬ ಹೆಸರಿನಲ್ಲಿ ಅದು ಎಲ್ಲ ತರಬೇತಿಗಳಲ್ಲೂ ಬರುತ್ತದೆ. ಓದಿದ್ದ ಸಂಗತಿಯೇ. ಆದರೆ ಆ ಅಲುಗಾಟವನ್ನು ಹುಟ್ಟಿಸುತ್ತಿರುವವರು ನಾವೇ ಎಂಬುದು ಅವರ ದನಿ ಕೇಳಿದಾಗ ಮಾತ್ರ ಮನಸ್ಸಿಗೆ ನಾಟಿತು. ಅಂದಿನಿಂದ ಮುಂದಿನ ಮೂರು ವಾರಗಳ ಯೋಜನೆಗೆ ಬೀಗ ಹಾಕಿದ್ದೇವೆ. ಆ ಅವಧಿಯೊಳಗೆ ಏನೇ ಬದಲಾಗಬೇಕಿದ್ದರೂ ನಮ್ಮಲ್ಲಿ ಒಬ್ಬರು ಸರಬರಾಜುದಾರರೊಂದಿಗೆ ಮಾತನಾಡಿ ಒಪ್ಪಿಗೆ ಪಡೆಯಬೇಕು. ಈ ಬೀಗ ತಂತ್ರಾಂಶದಲ್ಲಿ ಮೊದಲಿನಿಂದಲೂ ಇತ್ತು, ಸೊನ್ನೆ ದಿನಕ್ಕೆ ಇಟ್ಟುಕೊಟ್ಟಿದ್ದರು ಅಷ್ಟೇ.

ಬೇಡಿಕೆಯ ಮುನ್ಸೂಚನೆಯ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸತತವಾಗಿ ಮಾರಾಟವಾಗುವ ಮಾದರಿಗಳಿಗೆ ಅದು ಚೆನ್ನಾಗಿದೆ. ಮೂರು ತಿಂಗಳು ಸೊನ್ನೆ, ಒಮ್ಮೆಲೇ ಎಂಟು ಎಂಬಂತೆ ಹೋಗುವ ಸರ್ವಿಸ್ ಬಿಡಿಭಾಗಗಳಿಗೆ ಸಾಮಾನ್ಯ ಸರಾಸರಿ ವಿಧಾನಗಳು ಸಲ್ಲುವುದಿಲ್ಲ; ಬೇಡಿಕೆಯ ಗಾತ್ರವನ್ನೂ ಎರಡು ಬೇಡಿಕೆಗಳ ನಡುವಿನ ಅಂತರವನ್ನೂ ಬೇರೆ ಬೇರೆಯಾಗಿ ಅಂದಾಜಿಸುವ ಕ್ರಾಸ್ಟನ್ ವಿಧಾನ 1972ರಿಂದಲೂ ಇದೆ. ನಮ್ಮ ತಂತ್ರಾಂಶದಲ್ಲೂ ಇದೆ, ಆದರೆ ಪ್ರತಿ ವಸ್ತುವಿಗೂ ನಾವೇ ಆರಿಸಿ ಕೊಡಬೇಕು. ಇನ್ನೊಂದು ಸಂಗತಿ: ಮಾರಾಟ ವಿಭಾಗದವರು ಮುನ್ಸೂಚನೆಯನ್ನು ಕೈಯಿಂದ ತಿದ್ದಿದಾಗ, ತಿದ್ದುವ ಮೊದಲಿನ ಸಂಖ್ಯೆಯನ್ನೂ ಅದು ಉಳಿಸಿಕೊಳ್ಳುತ್ತದೆ. ವರ್ಷದ ಕೊನೆಗೆ ಹೋಲಿಸಿ ನೋಡಿದಾಗ, ಗೊತ್ತಿರುವ ದೊಡ್ಡ ಟೆಂಡರ್‌ನಂಥ ಕಾರಣಕ್ಕೆ ಮಾಡಿದ ತಿದ್ದುಪಡಿಗಳು ನೆರವಾಗಿದ್ದವು, ಸುಮ್ಮನೆ ಐದು ಮೇಲೆ ಹತ್ತು ಕೆಳಗೆ ಎಂದು ಮಾಡಿದವು ಬಹುಪಾಲು ಕೆಡಿಸಿದ್ದವು. ಯಾರನ್ನೂ ದೂರದೆ ಅದನ್ನು ಮುಂದಿಟ್ಟೆವು. ಸಣ್ಣ ತಿದ್ದುಪಡಿಗಳು ನಿಂತವು.

ನನಗೆ ತೀರಾ ನೋವು ಕೊಟ್ಟ ಪ್ರಸಂಗ ಎರಡನೆಯ ವರ್ಷದ್ದು. ಒಬ್ಬ ಸಣ್ಣ ಗ್ರಾಹಕರು ಎರಡೇ ಎರಡು ಪಂಪ್ ಕೇಳಿದ್ದರು. ಏಳು ವಾರ ಕಳೆದ ಮೇಲೆ ಅವರು ಕರೆ ಮಾಡಿ, ನಮ್ಮ ಆರ್ಡರ್ ಇದೆಯೋ ಇಲ್ಲವೋ ಅಷ್ಟು ಹೇಳಿ ಎಂದರು. ಆರ್ಡರ್ ಇತ್ತು. ತಂತ್ರಾಂಶ ಅದನ್ನು ಪ್ರತಿ ವಾರವೂ ಮುಂದಿನ ವಾರಕ್ಕೆ ತಳ್ಳುತ್ತಲೇ ಇತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹೀಗೆ. ಇಂಥ ತಂತ್ರಾಂಶದ ಒಳಗಿರುವ ಸಾಲ್ವರ್, ಅಂದರೆ ಅತ್ಯುತ್ತಮ ಯೋಜನೆಯನ್ನು ಹುಡುಕುವ ಭಾಗ, ಒಟ್ಟು ವೆಚ್ಚವನ್ನು ಕಡಿಮೆ ಮಾಡಲು ನೋಡುತ್ತದೆ. ಮಿತಿಗಳೊಳಗೆ ಅತಿ ಕಡಿಮೆ ವೆಚ್ಚದ ದಾರಿ ಹುಡುಕಲು 1947ರಲ್ಲಿ ಗಣಿತಜ್ಞ ಜಾರ್ಜ್ ಡಾಂಟ್‌ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನದ ವಂಶದ್ದೇ ಈ ಲೆಕ್ಕ. ತಡವಾದ ಆರ್ಡರ್‌ಗೂ ಒಂದು ದಂಡವನ್ನು ವೆಚ್ಚವಾಗಿ ಕೊಟ್ಟಿರಬೇಕು. ನಮ್ಮಲ್ಲಿ ಆ ದಂಡವನ್ನು ಒಂದು ಪಂಪ್‌ಗೆ ಇಷ್ಟು ಎಂದು ಇಟ್ಟಿದ್ದರು, ಎಷ್ಟು ದಿನ ತಡವಾದರೂ ಅಷ್ಟೇ. ಎರಡು ಪಂಪ್‌ಗಾಗಿ ಯಂತ್ರದ ಸೆಟ್ಟಿಂಗ್ ಬದಲಿಸುವುದಕ್ಕಿಂತ ಆ ಎರಡನ್ನು ಇನ್ನೊಂದು ವಾರ ತಡಮಾಡುವುದೇ ಅಗ್ಗ. ಅದರ ಲೆಕ್ಕ ಸರಿಯಾಗಿಯೇ ಇತ್ತು. ಆ ಮನುಷ್ಯ ಏಳು ವಾರ ಕಾಯುತ್ತಿದ್ದಾರೆ ಎಂಬುದನ್ನು ನಾವು ಅದಕ್ಕೆ ಹೇಳಿರಲಿಲ್ಲ. ದಂಡದ ಸಂಖ್ಯೆ 1000 ಎಂದಿತ್ತು. ಏಕೆ 1000 ಎಂದು ಕೇಳಿದರೆ ಜಾರಿಗೆ ತಂದ ಸಲಹೆಗಾರರು ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದರು, ಉಳಿದವರ ಬಳಿ ದಾಖಲೆಯಿರಲಿಲ್ಲ.

ದಿನ ಕಳೆದಂತೆ ದಂಡ ಏರುವ ಹಾಗೆ ಬದಲಿಸಿದೆವು. ಮೂರು ಬಾರಿ ಮುಂದೂಡಲ್ಪಟ್ಟ ಯಾವುದೇ ಆರ್ಡರ್ ಈಗ ನೇರವಾಗಿ ನನ್ನ ಪರದೆಯ ಮೇಲ್ಭಾಗಕ್ಕೆ ಬರುತ್ತದೆ. ಆ ಗ್ರಾಹಕರ ಪಂಪ್‌ಗಳು ಆ ವಾರವೇ ಹೊರಟವು. ಅವರು ಮತ್ತೆ ಆರ್ಡರ್ ಕೊಡಲಿಲ್ಲ.

ದೋಷಗಳು ಇನ್ನೂ ಇವೆ. ಯೋಜನೆ ಏಕೆ ಹೀಗಾಯಿತೆಂದು ತಂತ್ರಾಂಶ ತಾನಾಗಿ ಹೇಳುವುದು ಬಹಳ ಕಡಿಮೆ; ಒಂದು ದಿನಾಂಕದ ಹಿಂದಿನ ಕಾರಣ ಹುಡುಕಲು ಐದಾರು ಪರದೆ ದಾಟಬೇಕು. ಒಂದು ರಾತ್ರಿ ಇಆರ್‌ಪಿಯಿಂದ ದಾಸ್ತಾನಿನ ಕಡತ ಅರ್ಧವೇ ಬಂದಿತ್ತು. ತಂತ್ರಾಂಶ ಉಳಿದರ್ಧವನ್ನು ಸೊನ್ನೆಯೆಂದು ಓದಿ, ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಬೋಲ್ಟುಗಳನ್ನೂ ಕೊಳ್ಳಲು ಪಟ್ಟಿ ಮಾಡಿತ್ತು. ಆರ್ಡರ್‌ಗಳು ತಾವಾಗಿಯೇ ಹೋಗುವಂತೆ ಇಟ್ಟಿರಲಿಲ್ಲವಾದ್ದರಿಂದ ಬಚಾವಾದೆವು. ಬಂದ ಸಾಲುಗಳ ಸಂಖ್ಯೆ ನಿನ್ನೆಗಿಂತ ಬಹಳ ಕಡಿಮೆಯಿದ್ದರೆ ಲೆಕ್ಕ ನಿಲ್ಲಿಸುವ ತಪಾಸಣೆಯನ್ನು ನಾವೇ ಬರೆಸಿಕೊಳ್ಳಬೇಕಾಯಿತು. ಪರವಾನಗಿಯ ಶುಲ್ಕ ಬಳಸುವವರ ತಲೆಯೆಣಿಕೆಯ ಮೇಲೆ, ಹೀಗಾಗಿ ಶಾಪ್ ಫ್ಲೋರ್ ಸೂಪರ್‌ವೈಸರ್‌ಗಳಿಗೆ ಪ್ರವೇಶವಿಲ್ಲ; ಇಷ್ಟೆಲ್ಲ ಲೆಕ್ಕದ ಫಲ ಅವರ ಕೈಗೆ ಮುದ್ರಿಸಿದ ಹಾಳೆಯಾಗಿ ತಲುಪುತ್ತದೆ. ಇದು ನನಗೆ ಇಂದಿಗೂ ಒಪ್ಪಿಗೆಯಿಲ್ಲದ ಸಂಗತಿ.

ಆದರೂ ಇದನ್ನು ಬಿಡಿ ಎಂದರೆ ನಾನು ಬಿಡುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೆಂಪು ಸಮುದ್ರದ ದಾಳಿಗಳಿಂದಾಗಿ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಗುಡ್‌ಹೋಪ್ ಭೂಶಿರವನ್ನು ಸುತ್ತಿಕೊಂಡು ಹೋಗತೊಡಗಿದವು. ಮತ್ತೆ ಅದೇ ಬೇರಿಂಗ್‌ಗಳು, ಅದೇ ಪ್ರಶ್ನೆ. ಯೋಜನೆಯ ಒಂದು ನಕಲು ತೆಗೆದು ಸಮುದ್ರಯಾನದ ಅವಧಿಗೆ 14 ದಿನ ಸೇರಿಸಿ ಲೆಕ್ಕ ಓಡಿಸಿದೆ. ಒಂದು ಗಂಟೆಯೊಳಗೆ ತಡವಾಗುವ ಆರ್ಡರ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಹೊಸ ದಿನಾಂಕ, ಯಾವ ಮೂರಕ್ಕೆ ವಿಮಾನದಲ್ಲಿ ತರಿಸಿದರೆ ಸಾಕೆಂಬ ವಿವರ ನನ್ನ ಕೈಯಲ್ಲಿತ್ತು. ಆ ಸಂಜೆಯೇ ಎಲ್ಲ ಗ್ರಾಹಕರಿಗೂ ಕರೆ ಮಾಡಿದೆವು. ತಡವಾಗುತ್ತದೆ ಎಂಬ ಸುದ್ದಿಗೆ ಗ್ರಾಹಕರಿಂದ ಧನ್ಯವಾದ ಬಂದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಕೊಳ್ಳುವ ಯೋಚನೆಯಲ್ಲಿರುವವರು ಮಾರುವವರ ಮಾದರಿ ಮಾಹಿತಿಯ ಮೇಲಿನ ಪ್ರದರ್ಶನ ನೋಡಿ ಒಪ್ಪಬೇಡಿ. ನಿಮ್ಮಲ್ಲಿ ಸದಾ ಕೈಕೊಡುವ ಬಿಡಿಭಾಗಗಳನ್ನೂ ಅವುಗಳ ಎರಡು ವರ್ಷದ ಸ್ವೀಕೃತಿ ದಾಖಲೆಯನ್ನೂ ಕೊಟ್ಟು ಯೋಜನೆ ಮಾಡಿ ತೋರಿಸಲು ಹೇಳಿ. ಯೋಜನೆ ತೆರೆದುಕೊಂಡ ಮೇಲೆ ತಡವಾಗಿರುವ ಅತಿ ಸಣ್ಣ ಆರ್ಡರ್‌ನ ಮೇಲೆ ಬೆರಳಿಟ್ಟು, ಇದು ಏಕೆ ತಡ ಎಂದು ಕೇಳಿ. ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ.