‘ಗುಡ್ಡದ ಶತಾವರಿ’ ಎಂದು ಮಾರುವ ಗಡ್ಡೆಯನ್ನು ಕೊಳ್ಳಬೇಡಿ

ಮುಂಗಾರು ಹಿಡಿದೊಡನೆ ಧಾರವಾಡದ ಸಂತೆಯ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಬೇರು, ಗಡ್ಡೆ ಮಾರುವವರು ಕಾಣಿಸಿಕೊಳ್ಳುತ್ತಾರೆ. ಕೇಳಿದರೆ ಎಲ್ಲವೂ ಕಪ್ಪತಗುಡ್ಡದ್ದೇ. ಗದಗಿನ ಆ ಗುಡ್ಡದ ಹೆಸರು ಹೇಳಿದರೆ ಸಾಕು, ಚೌಕಾಸಿ ನಿಂತುಹೋಗುತ್ತದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಗಿದೆ, ಅಲ್ಲಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ ಎಂಬುದು ಕೊಳ್ಳುವವರಿಗೂ ನೆನಪಿರುವುದಿಲ್ಲ, ಮಾರುವವರಿಗೂ ಬೇಕಾಗಿಲ್ಲ.

ಈ ಮಳೆಗಾಲ ನಮ್ಮ ವೈನಿ ಅಂಥವನೊಬ್ಬನಿಂದ ‘ಕಾಡು ಶತಾವರಿ’ ತಂದರು. ಅರ್ಧ ಕುಂಡದಲ್ಲಿ ನೆಡಿ, ಬಿಳಿ ಹೂ ಬಿಡುತ್ತದೆ. ಉಳಿದದ್ದನ್ನು ಹಾಲಿನಲ್ಲಿ ಬೇಯಿಸಿ ತಿನ್ನಿ, ಮೊಣಕಾಲು ನೋವು ಹೋಗುತ್ತದೆ ಎಂದು ವೈದ್ಯವನ್ನೂ ಅವನೇ ಹೇಳಿಕೊಟ್ಟಿದ್ದ. ನೆಟ್ಟದ್ದು ಸೊಗಸಾಗಿ ಚಿಗುರಿತು. ಬೇರಿನಲ್ಲಿ ಜೀವವಿದೆ ಎಂಬ ಭರವಸೆ ಬಂದ ಮೇಲೆ, ಬುಟ್ಟಿಯಲ್ಲಿದ್ದ ಉಳಿದ ಗಡ್ಡೆಯ ತುಂಡೊಂದು ಕಾಕಾ ಅವರ ರಾತ್ರಿಯ ಹಾಲಿಗೆ ಬಿತ್ತು.

ನಸುಕಿನ ಹೊತ್ತಿಗೆ ಗಂಟಲಲ್ಲಿ ಉರಿ, ವಾಂತಿ, ನಿಲ್ಲದ ಭೇದಿ. ಆಸ್ಪತ್ರೆಯಲ್ಲಿ ವೈದ್ಯರು ಏನು ತಿಂದಿರಿ ಎಂದು ಕೇಳಿದಾಗ ರೊಟ್ಟಿ, ಪುಂಡಿಪಲ್ಯ, ಮೊಸರು ಎಲ್ಲದರ ಹೆಸರೂ ಬಂತು, ಗಡ್ಡೆಯದೊಂದು ಬರಲಿಲ್ಲ. ನಮ್ಮ ಮನೆಗಳಲ್ಲಿ ಔಷಧವನ್ನು ತಿಂದದ್ದರ ಲೆಕ್ಕಕ್ಕೆ ಹಿಡಿಯುವ ರೂಢಿಯಿಲ್ಲ. ಕೆಟ್ಟ ಆಹಾರದ ಬೇನೆ ಎಂದೇ ಚಿಕಿತ್ಸೆ ಶುರುವಾಯಿತು. ಕೊನೆಗೆ ಕುಂಡದ ಚಿಗುರಿನ ಫೋಟೊ ಪರಿಚಯದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರ ಮೊಬೈಲ್ ತಲುಪಿತು. ಅವರು ನೋಡಿದ್ದು ಎಲೆಯ ತುದಿಯನ್ನು ಮಾತ್ರ. ಅದು ಉದ್ದವಾಗಿ ಎಳೆದುಕೊಂಡು ಸುರುಳಿ ಸುತ್ತಿ, ಕಿಟಕಿಯ ಜಾಲರಿಯನ್ನು ಹಿಡಿದುಕೊಂಡಿತ್ತು. ‘ಇದು ಗೌರಿಹೂ, ಕೂಡಲೇ ವೈದ್ಯರಿಗೆ ತಿಳಿಸಿ’ ಎಂದರು.

ಅಗ್ನಿಶಿಖೆ, ಅಕ್ಕತಂಗಿ ಬಳ್ಳಿ ಎಂದೆಲ್ಲ ಕರೆಯುವುದು ಇದನ್ನೇ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ, ಹಿಂದಕ್ಕೆ ಬಾಗಿದ ಅಲೆಅಲೆಯಾದ ಆರು ಎಸಳುಗಳ ಹೂ ಬಿಡುತ್ತದೆ. ಮೊದಲು ಹಳದಿ, ಆಮೇಲೆ ಕೆಂಪು. ತಮಿಳುನಾಡಿನ ರಾಜ್ಯಪುಷ್ಪವೂ ಹೌದು. ಹೂ ಬಿಟ್ಟಾಗ ಮಕ್ಕಳೂ ಗುರುತಿಸುತ್ತಾರೆ. ಮೋಸ ನಡೆಯುವುದು ಅದು ಬರಿಯ ಗಡ್ಡೆಯಾಗಿದ್ದಾಗ. ಇಡೀ ಗಿಡವೇ ವಿಷ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಅದರಲ್ಲಿರುವ ಕಾಲ್ಚಿಸಿನ್ ಬೇಯಿಸಿದರೂ ಹೋಗುವುದಿಲ್ಲ. ಗೌಟ್ ಎಂಬ ಸಂಧಿವಾತಕ್ಕೆ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಕೊಡುವ ಮದ್ದೂ ಇದೇ. ಮೊಣಕಾಲಿನ ಕಥೆ ಹುಟ್ಟಿದ್ದು ಇಲ್ಲಿಂದಲೋ ಏನೋ. ಪ್ರಮಾಣ ಮೀರಿದರೆ ಅದು ಜೀವಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ಹಾಗಾಗಿ ಬೇಗ ಬೇಗ ಹೊಸದಾಗುವ ಭಾಗಗಳಿಗೆ ಮೊದಲ ಪೆಟ್ಟು: ಕರುಳಿನ ಒಳಪದರ, ಎಲುಬಿನ ಮಜ್ಜೆ, ಕೂದಲಿನ ಬುಡ. ಕಾಕಾ ಅವರಿಗೆ ಭೇದಿ ನಿಂತ ಮೇಲೆ ರಕ್ತಕಣಗಳು ಇಳಿದವು, ಮನೆಗೆ ಬಂದ ಮೇಲೆ ತಲೆಗೂದಲು ಹಿಡಿ ಹಿಡಿಯಾಗಿ ಉದುರಿತು. ತಿಂದದ್ದು ಸಣ್ಣ ತುಂಡು, ಅದಕ್ಕೇ ಉಳಿದರು. ಈಗ ಚೇತರಿಸಿಕೊಳ್ಳುತ್ತಿದ್ದಾರೆ.

ಮಾರಿದವನನ್ನು ಹುಡುಕಿ ಕೇಳಿದಾಗ ಅವನು ‘ಗುಡ್ಡದ ಬೇರು ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ’ ಎಂದುಬಿಟ್ಟ. ಮುಂದಿನ ಸಂತೆಗೆ ಅವನ ಗೋಣಿಚೀಲ ಅಲ್ಲಿರಲಿಲ್ಲ. ಬೇರೆ ಊರಿನ ಸಂತೆಯಲ್ಲಿ ಇದ್ದೀತು, ಅದಕ್ಕಾಗಿಯೇ ಇಷ್ಟು ಬರೆದದ್ದು.

ಶತಾವರಿಯ ಬೇರುಗಳು ಒಂದೇ ಬುಡದಿಂದ ಗೊಂಚಲಾಗಿ ಇಳಿದಿರುತ್ತವೆ, ಸಿಪ್ಪೆ ತೆಗೆದರೆ ನಡುವೆ ಗಟ್ಟಿ ನಾರು ಸಿಗುತ್ತದೆ. ಗೌರಿಹೂವಿನ ಗಡ್ಡೆ ನೇಗಿಲಿನಂತೆ ಬಾಗಿ ಎರಡು ಕವಲಾಗಿರುತ್ತದೆ, ಮುಟ್ಟಿದರೆ ಮುರಿಯುವಷ್ಟು ಪೆಡಸು. ಮುರಿದ ಒಂದೇ ಕವಲನ್ನು ಕೈಗಿತ್ತರೆ ಗುರುತಿಸುವುದು ಬಲ್ಲವರಿಗೂ ಕಷ್ಟ. ಗೆಣಸೆಂದು ತಿಳಿದು ತಿಂದು ಸತ್ತವರು ಶ್ರೀಲಂಕಾದಲ್ಲಿದ್ದಾರೆ. ಚಿಗುರಿದ ಮೇಲೆ ಗೊಂದಲವಿಲ್ಲ: ಶತಾವರಿಯದು ಸೂಜಿಯಷ್ಟು ಸಣ್ಣ ಹಸಿರು, ಕಾಂಡದಲ್ಲಿ ಮುಳ್ಳು; ಇದರದು ಅಗಲ ಎಲೆ, ತುದಿಯಲ್ಲಿ ಸುರುಳಿ.

ಇಷ್ಟಾದರೂ ಗೌರಿಹೂವನ್ನು ಬೆಳೆಸಲೇಬಾರದು ಎಂದು ನಾನು ಹೇಳುವುದಿಲ್ಲ. ಅಷ್ಟು ಚೆಲುವಾದ ಹೂ ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಎಷ್ಟಿದೆ? ಹೂ ಬಿಟ್ಟ ಗಿಡವನ್ನು ಕಣ್ಣಾರೆ ಕಂಡು, ಅದರ ಬೀಜವನ್ನೇ ತಂದು ಹಾಕಿ. ಹೂ ಕಾಣಲು ಕೆಲವು ವರ್ಷ ಕಾಯಬೇಕು. ಎರೆಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ, ಮಸಾರಿಗೆ ಉಸುಕು ಬೆರೆಸಿಕೊಳ್ಳಿ. ಮಗು, ನಾಯಿ, ಆಡು ಸುಳಿಯುವ ಜಾಗ ಬೇಡ. ಮಣ್ಣು ಕೆದಕುವಾಗ ಕೈಗವಸು ಇರಲಿ. ಚಳಿಗಾಲಕ್ಕೆ ಬಳ್ಳಿ ಪೂರ್ತಿ ಒಣಗಿ ಕುಂಡ ಖಾಲಿಯಂತೆ ಕಾಣುತ್ತದೆ. ಮನೆ ಬಿಟ್ಟು ಹೋಗುವ ಬಾಡಿಗೆದಾರರು ಅದನ್ನು ಹಾಗೆಯೇ ಬಿಟ್ಟು ಹೋದರೆ, ಮುಂದೆ ಬಂದವರು ಅಗೆದು ಗೆಣಸು ಸಿಕ್ಕಿತೆಂದುಕೊಂಡಾರು. ಕುಂಡದ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ‘ವಿಷ’ ಎಂದು ಬರೆಯಿರಿ.

ಯಾರಾದರೂ ತಿಂದಿದ್ದರೆ ಮನೆಮದ್ದು ಬೇಡ, ವಾಂತಿ ಮಾಡಿಸುವುದೂ ಬೇಡ. 108ಕ್ಕೆ ಕರೆ ಮಾಡಿ, ಉಳಿದ ಗಡ್ಡೆಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಈ ಮಳೆಗಾಲ ನೀವೂ ಇಂಥದ್ದನ್ನು ಕೊಂಡಿದ್ದರೆ ಅಡುಗೆಮನೆಯ ಬುಟ್ಟಿಯನ್ನು ಇಂದೇ ನೋಡಿ. ಸಿಕ್ಕರೆ ತಿಪ್ಪೆಗೆ ಎಸೆಯಬೇಡಿ, ಓಣಿಯ ದನಗಳು ಅಲ್ಲಿಯೇ ಮೇಯುತ್ತವೆ. ಗಟ್ಟಿಯಾಗಿ ಕಟ್ಟಿ, ಒಳಗೇನಿದೆ ಎಂದು ಹೇಳಿಯೇ ಕಸದ ಗಾಡಿಯವರ ಕೈಗೆ ಕೊಡಿ.