ರೇನ್ ಕವರ್ ಕೈಕೊಟ್ಟಿತು, ಬ್ಯಾಗ್ ಕೈಬಿಡಲಿಲ್ಲ: ಮುಕ್ತಿನಾಥಕ್ಕೆ ಹೋಗಿ ಬಂದ ಸ್ಯಾಡಲ್ ಬ್ಯಾಗ್, ಮೂರು ವರ್ಷದ ಬಳಿಕ

ಮೊದಲೇ ಹೇಳಿಬಿಡುತ್ತೇನೆ. ಬೈಕಿನ ಹಿಂದೆ ಎರಡೂ ಪಕ್ಕಕ್ಕೆ ಇಳಿಬಿಡುವ ಸ್ಯಾಡಲ್ ಬ್ಯಾಗಿನ ಜೊತೆಗೆ ಬರುವ ರೇನ್ ಕವರನ್ನು ನಂಬಿಕೊಂಡು ದೂರ ಹೊರಡಬೇಡಿ. ಅದರಲ್ಲೂ ಗಡಿ ದಾಟಿ ಹೋಗುವಾಗ, ಕಾಗದಪತ್ರವನ್ನೆಲ್ಲ ಬ್ಯಾಗಿನೊಳಗೆ ಇಟ್ಟುಕೊಂಡು, ಖಂಡಿತ ಬೇಡ. ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತಿದ್ದೇನೆ.

ಬ್ಯಾಗ್ ಕೊಂಡಿದ್ದು 2022ರ ಮೇ ತಿಂಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಜೋಡಿಗೆ 6,800 ರೂಪಾಯಿ. ಎಷ್ಟು ಲೀಟರ್, ಯಾವ ಬಟ್ಟೆ, ಎಷ್ಟು ಜೇಬು ಅನ್ನುವುದೆಲ್ಲ ನೀವು ನೋಡಿಯೇ ಇರುತ್ತೀರಿ, ಬಿಡಿ. ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಇದೇ ಮಾದರಿಯ ಬ್ಯಾಗ್ ಈಗ ನಾಲ್ಕೈದು ಹೆಸರಿನಲ್ಲಿ ಬರುತ್ತಿದೆ, ಎಲ್ಲದರ ಕವರೂ ಒಂದೇ ಥರ. ನನಗೆ ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿಸುವ ಆಸೆ ಇತ್ತು. ಆದರೆ ಪೆಟ್ಟಿಗೆ, ಅದನ್ನು ಕೂರಿಸುವ ಫ್ರೇಮ್ ಎಲ್ಲ ಸೇರಿ ಕೇಳಿದ ದುಡ್ಡಿಗೆ ನಮ್ಮ ತೋಟಕ್ಕೆ ಒಂದು ವರ್ಷದ ಗೊಬ್ಬರ ಬರುತ್ತಿತ್ತು. ಬಟ್ಟೆಯ ಬ್ಯಾಗೇ ಸಾಕು ಅಂದುಕೊಂಡೆ.

ಹೋಗಬೇಕಾಗಿದ್ದು ನೇಪಾಳದ ಮುಕ್ತಿನಾಥಕ್ಕೆ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಒಂದು ಸಾಲಿಗ್ರಾಮ ಇದೆ. ಅದು ಗಂಡಕಿ ನದಿಯದು ಅಂತ ಚಿಕ್ಕಂದಿನಿಂದ ಕೇಳುತ್ತ ಬಂದವನು ನಾನು. ಆ ನದಿಯ ಪಕ್ಕದಲ್ಲೇ ಬೈಕ್ ಓಡಿಸಿಕೊಂಡು ಹೋಗಬಹುದು ಅಂತ ಗೊತ್ತಾದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಸಾಗರದಿಂದ ನೇಪಾಳಕ್ಕೆ ದಾಟುವ ಸುನೌಲಿ ಗಡಿಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ. ಮನೆಯಲ್ಲಿ 411 ಸಿಸಿಯ ಹಿಮಾಲಯನ್ ಬೈಕ್ ಇತ್ತು. ಅಡಿಕೆ ಕೊಯ್ಲು ಮುಗಿದು, ಯುಗಾದಿ ಕಳೆದ ಮೇಲೆ ಹೊರಡುವುದು ಅಂತ ಆಯಿತು. ಅದಕ್ಕೆ ಮುಂಚೆ ಇಡೀ ಒಂದು ಮಳೆಗಾಲ ಇತ್ತಲ್ಲ, ಬ್ಯಾಗಿನ ಪರೀಕ್ಷೆ ಅದರಲ್ಲೇ ಆಗಲಿ ಅಂದುಕೊಂಡೆ.

ಜುಲೈ ತಿಂಗಳ ಒಂದು ಭಾನುವಾರ, ನೇಪಾಳಕ್ಕೇ ಹೊರಟ ಹಾಗೆ ಎಲ್ಲ ತುಂಬಿಕೊಂಡು ಹೊಸನಗರ, ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋದೆ. ಬಟ್ಟೆ, ಸಾಮಾನು, ಕಾಗದಪತ್ರದ ಫೈಲು, ಏನನ್ನೂ ಬಿಡಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಅದು. ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು ಮತ್ತೆ ಹತ್ತಿದೆ. ಕವರ್ ಹಾರಿ ಹೋಗಲಿಲ್ಲ, ಹರಿಯಲೂ ಇಲ್ಲ. ಖುಷಿಯಾಗಿ ಮನೆಗೆ ಬಂದು ಬಿಚ್ಚಿದರೆ ಕವರಿನ ತಳದಲ್ಲಿ ಒಂದು ಚೆಂಬು ನೀರು.

ಆಗಿದ್ದು ಇಷ್ಟು. ಮೇಲಿನಿಂದ ಬೀಳುವ ಮಳೆಯನ್ನು ಕವರ್ ತಡೆಯುತ್ತದೆ, ಸರಿ. ಆದರೆ ಬೈಕಿಗೆ ಒರಗಿರುವ ಕಡೆ, ಬೆಲ್ಟ್ ಹೋಗುವುದಕ್ಕೆ ಅಂತ, ಅದು ತೆರೆದೇ ಇರುತ್ತದೆ. ಹಿಂದಿನ ಚಕ್ರ ಎರಚಿದ ನೀರು ಅಲ್ಲಿಂದ ಇಳಿಯುತ್ತದೆ. ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ, ಕವರೇ ನೀರು ಬಿಡದ ಬಟ್ಟೆ ಅಲ್ವಾ! ಬ್ಯಾಗಿನ ತಳ ಗಂಟೆಗಟ್ಟಲೆ ಆ ನೀರಿನಲ್ಲೇ ನೆನೆಯುತ್ತ ಕೂತಿರುತ್ತದೆ.

ಫೈಲು ತಳದಲ್ಲೇ ಇತ್ತು. ಇನ್ಶೂರೆನ್ಸ್ ಪಾಲಿಸಿಯನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದಿದ್ದೆ. ಬೈಕಿನ ನಂಬರ್ ಇದ್ದ ಸಾಲು ಕದಡಿ, ನೀಲಿ ಕಲೆಯಾಗಿ ಹರಡಿಕೊಂಡಿತ್ತು. ಪಾಸ್‌ಪೋರ್ಟ್ ಅಳತೆಯ ಎಂಟು ಫೋಟೋಗಳೂ ಅಂಟಿಕೊಂಡು ಒಂದೇ ಬಿಲ್ಲೆ ಆಗಿದ್ದವು. ಬಿಡಿಸಲು ಹೋದರೆ ಒಂದು ಫೋಟೋದ ಮುಖ ಕಿತ್ತು ಇನ್ನೊಂದರ ಬೆನ್ನಿಗೆ ಹತ್ತಿಕೊಂಡು ಬಂತು. ಮನೆಯ ಜಗಲಿಯಲ್ಲಿ ಕೂತು ಇದನ್ನು ನೋಡಿದ್ದಕ್ಕೆ ಬಚಾವಾದೆ. ಗಡಿಯ ಕಸ್ಟಮ್ಸ್ ಕಚೇರಿಯ ಮುಂದೆ ನಿಂತು ನೋಡಿದ್ದರೆ ಏನು ಗತಿ?

ಕಂಪನಿಗೆ ಫೋನ್ ಮಾಡಿದೆ. "ಸರ್, ಅದು ವಾಟರ್ ರೆಸಿಸ್ಟೆಂಟ್. ವಾಟರ್‌ಪ್ರೂಫ್ ಅಂತ ನಾವೆಲ್ಲೂ ಹೇಳಿಲ್ಲ" ಅಂದರು. ಆ ಕವರಿನ ಮೇಲೆ ದೊಡ್ಡದಾಗಿ ಮಳೆಹನಿಯ ಚಿತ್ರ ಅಚ್ಚು ಹಾಕಿದ್ದಾರೆ. ಕೊಂಡವನು ಅದನ್ನು ನೋಡಿ ಏನು ತಿಳಿದುಕೊಳ್ಳಬೇಕು? ನನಗೆ ಬಹಳ ಸಿಟ್ಟು ಬಂತು. ಆ ವಾರವೇ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಡುವುದೂ ಕಷ್ಟವಾಗುತ್ತಿತ್ತು.

ಬ್ಯಾಗನ್ನು ಉಳಿಸಿದ್ದು ಸಾಗರದಲ್ಲಿ ಬೈಕ್ ಸೀಟಿಗೆ ಕವರ್ ಹೊಲಿಯುವ ಕುಶನ್ ಅಂಗಡಿಯವರು. ಕವರಿನ ಬೆನ್ನಿನ ಕಡೆಯೂ ಬಟ್ಟೆ ಕೂಡಿಸಿ ಹೊಲಿದು ಕೊಡಿ ಅಂತ ಕೇಳಲು ಹೋಗಿದ್ದೆ. ಅವರು ಬ್ಯಾಗಿನ ಒಳಗೆ ಕೈ ಹಾಕಿ, ಹೊರಗೆ ತಿರುಗಿಸಿ, ಎರಡು ನಿಮಿಷ ಸುಮ್ಮನೆ ನೋಡಿದರು. "ಭಟ್ರೆ, ಹೊರಗಡೆ ಎಷ್ಟು ಕೊಪ್ಪೆ ಹಾಕಿದ್ರೂ ನೀರು ಬರೋದೇ. ಒಳಗಡೆ ಚೀಲ ಮಾಡಿಸ್ಕೊಳಿ" ಅಂದರು. "ಹೊಲಿದ್ರೆ ಸೂಜಿ ತೂತಲ್ಲಿ ಸೋರಲ್ವಾ ಭಾಯ್?" ಅಂದೆ. "ತಳಕ್ಕೆ ಹೊಲಿಗೇನೇ ಹಾಕಲ್ಲ" ಅಂದರು.

ಲಾರಿಗೆ ಹೊದಿಸುವ ಹಳದಿ ಟಾರ್ಪಾಲು ತಂದು ಒಂದೇ ತುಂಡನ್ನು ಮಡಚಿದರು. ತಳ ಪೂರ್ತಿ ಮಡಿಕೆ, ಎಲ್ಲೂ ಹೊಲಿಗೆ ಇಲ್ಲ. ಎರಡು ಪಕ್ಕವನ್ನೂ ಸೊಲ್ಯೂಷನ್ ಹಚ್ಚಿ ಅಂಟಿಸಿ, ಅಂಚನ್ನು ಮತ್ತೊಮ್ಮೆ ಮಡಚಿ ಅಂಟಿಸಿದರು. ಬಾಯಿ ಒಂದು ಗೇಣು ಉದ್ದಕ್ಕೆ ಬಿಟ್ಟರು. ಅದನ್ನು ಮೂರು ಸುತ್ತು ಸುತ್ತಿ ಎರಡೂ ತುದಿಗೆ ಕ್ಲಿಪ್ ಹಾಕಿದರೆ ಮುಗಿಯಿತು. ಮಾರನೇ ದಿನ ಎರಡು ಒಳಚೀಲ ರೆಡಿ. ಎರಡಕ್ಕೂ ಸೇರಿ 350 ರೂಪಾಯಿ ತಗೊಂಡರು. ಮನೆಗೆ ಬಂದು ಬಚ್ಚಲ ಹಂಡೆಯಲ್ಲಿ ಕಂಠದವರೆಗೆ ಮುಳುಗಿಸಿ ಅರ್ಧ ಗಂಟೆ ಬಿಟ್ಟೆ. ಒಳಗಿಟ್ಟ ಪೇಪರ್ ಗರಿಗರಿ ಹಾಗೇ ಇತ್ತು.

ನೀರು ತಡೆಯಲಿ ಅಂತ ಮಾಡಿಸಿದ್ದು ಅದು. ಅದರಿಂದ ಇನ್ನೂ ಎರಡು ಸುಖ ಸಿಕ್ಕಿತು, ಅದನ್ನು ನಾನು ಎಣಿಸಿಯೇ ಇರಲಿಲ್ಲ. ಮೂಲ ಬ್ಯಾಗಿನ ಒಳಗೆಲ್ಲ ಕಪ್ಪು. ಸಂಜೆ ಹೊತ್ತು ಕೈ ಹಾಕಿದರೆ ಟಾರ್ಚ್ ಯಾವುದು, ಕಾಲುಚೀಲ ಯಾವುದು ಗೊತ್ತಾಗುತ್ತಿರಲಿಲ್ಲ. ಹಳದಿ ಚೀಲದಲ್ಲಿ ಎಲ್ಲ ಎದ್ದು ಕಾಣುತ್ತದೆ. ಇನ್ನೊಂದು, ಲಾಡ್ಜಿಗೆ ಹೋದಾಗ ಕೆಸರಾದ ಬ್ಯಾಗನ್ನು ಬಿಚ್ಚುವುದೇ ಬೇಡ. ಅದು ಬೈಕಿನ ಮೇಲೇ ಇರುತ್ತದೆ. ಒಳಚೀಲ ಎರಡನ್ನೂ ಎತ್ತಿಕೊಂಡು, ಸಂತೆಯಿಂದ ಬಂದವರ ಹಾಗೆ ಮೆಟ್ಟಿಲು ಹತ್ತಿದರೆ ಆಯಿತು. ಇಡೀ ದಿನ ಓಡಿಸಿ ಸುಸ್ತಾದ ಮೇಲೆ ಬೆಲ್ಟ್ ಬಿಚ್ಚುವ ಕೆಲಸ ಇಲ್ಲ ಅನ್ನುವುದು ಎಂಥ ನೆಮ್ಮದಿ ಅಂತ ದೂರ ಹೋದವರಿಗೆ ಗೊತ್ತು.

ತುಂಬುವುದಕ್ಕೂ ಒಂದು ಕ್ರಮ ಮಾಡಿಕೊಂಡೆ. ನನ್ನ ಬೈಕಿನ ಸೈಲೆನ್ಸರ್ ಬಲಕ್ಕೆ, ಸ್ವಲ್ಪ ಮೇಲಕ್ಕೇ ಇದೆ. ಹಾಗಾಗಿ ಬಲಗಡೆಯ ಬ್ಯಾಗ್ ಸೈಲೆನ್ಸರಿನಿಂದ ನಾಲ್ಕು ಬೆರಳು ದೂರ ಇರಲೇಬೇಕು, ಇಲ್ಲದಿದ್ದರೆ ತಳ ಕರಗುತ್ತದೆ. ಆ ಕಡೆ ಬಟ್ಟೆ, ಅದರ ಮೇಲೆ ಕಾಗದಪತ್ರ, ಅಷ್ಟೇ. ಎಡಕ್ಕೆ ಸ್ಪ್ಯಾನರ್, ಕ್ಲಚ್ ಕೇಬಲ್, ಪಂಕ್ಚರ್ ಸಾಮಾನು, ಟ್ಯೂಬು. ಮುಂದಿನ ಚಕ್ರ 21 ಇಂಚು, ಅದರ ಟ್ಯೂಬ್ ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಒಂದು ಜೊತೆಗಿರಲೇಬೇಕು. ಎರಡು ಕಡೆಯ ಭಾರ ಸಮ ಆಗಲಿ ಅಂತ ಅಡಿಕೆ ತೂಗುವ ಕೊಕ್ಕೆ ತಕ್ಕಡಿಗೆ ಹಾಕಿ ನೋಡಿದೆ. ಎಡ ಏಳೂವರೆ ಕೆಜಿ, ಬಲ ಏಳು. ಬೆಳಿಗ್ಗೆ ಹೊರಟ ಮೊದಲ ಚಹಾದ ಹೊತ್ತಿಗೆ ಎಲ್ಲ ಬೆಲ್ಟನ್ನೂ ಒಮ್ಮೆ ಎಳೆದು ನೋಡುತ್ತೇನೆ. ಆ ಹೊತ್ತಿಗೆ ಸಾಮಾನು ಕುಸಿದು ಒಂದು ಬೆರಳಿನಷ್ಟು ಸಡಿಲ ಆಗಿಯೇ ಇರುತ್ತದೆ.

ಕಾಗದಪತ್ರದ ಬಗ್ಗೆ ನಾಲ್ಕು ಮಾತು. ನೇಪಾಳಕ್ಕೆ ನಮಗೆ ವೀಸಾ ಬೇಡ, ಬೈಕನ್ನು ಹೊರದೇಶಕ್ಕೆ ಒಯ್ಯಲು ಕೇಳುವ ಕಾರ್ನೆಟ್ ಅನ್ನುವ ಕಸ್ಟಮ್ಸ್ ಕಾಗದವೂ ಬೇಡ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್ ಇರಲಿ. ಮೊಬೈಲಿನಲ್ಲಿ ತೋರಿಸುತ್ತೇನೆ ಅಂತ ಹೋಗಬೇಡಿ, ಒರಿಜಿನಲ್ ಕಾರ್ಡೇ ಇರಲಿ. ಅಲ್ಲಿನ ಪೊಲೀಸರು "ಬ್ಲೂ ಬುಕ್" ಅಂತ ಕೇಳಿದರೆ ಆರ್‌ಸಿ ಕೊಡಿ. ನಮ್ಮ ಸಾಮಾನ್ಯ ಪಾಲಿಸಿ ಭಾರತದೊಳಗೆ ಮಾತ್ರ ನಡೆಯುತ್ತದೆ. ನೇಪಾಳ, ಭೂತಾನಕ್ಕೂ ಅದನ್ನು ವಿಸ್ತರಿಸಿಕೊಳ್ಳುವ ವ್ಯವಸ್ಥೆ ಇದೆ, ಸ್ವಲ್ಪ ಜಾಸ್ತಿ ಹಣ ಕಟ್ಟಬೇಕು. ನಾನು ಕೇಳಿದ ಕಚೇರಿಯಲ್ಲಿ ಅಂಥದ್ದಿದೆ ಅಂತಲೇ ಗೊತ್ತಿರಲಿಲ್ಲ. ಮೂರು ಸಲ ಹೋದ ಮೇಲೆ ಆಯಿತು. ಹೊರಡುವ ವಾರ ಹೋದರೆ ಆಗುವ ಕೆಲಸ ಅಲ್ಲ.

2023ರ ಮಾರ್ಚ್ ಕೊನೆಯಲ್ಲಿ ಹೊರಟು ನಾಗ್ಪುರ, ಜಬಲ್ಪುರ, ಗೋರಖ್‌ಪುರ ದಾಟಿ ಸುನೌಲಿ ಸೇರಿದೆ. ಗಡಿಯ ಆಚೆ ಬೆಲಹಿಯಾ. ಅಲ್ಲಿ ಭನ್ಸಾರ್, ಅಂದರೆ ಕಸ್ಟಮ್ಸ್ ಕಚೇರಿಯಲ್ಲಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಶುಲ್ಕ ಕಟ್ಟಿ ಚೀಟಿ ತಗೋಬೇಕು. ದಿನ ಮೀರಿದರೆ ದಂಡ. ಗುಡ್ಡದ ದಾರಿ, ಯಾವಾಗ ಕುಸಿಯುತ್ತದೋ ಹೇಳಲಾಗದು. ನಾನು ಎರಡು ದಿನ ಜಾಸ್ತಿಯೇ ಬರೆಸಿದೆ. ಆಗ ಅಲ್ಲಿ ನಮ್ಮ ನೂರರ ನೋಟಿಗಿಂತ ದೊಡ್ಡದು ನಡೆಯುತ್ತಿರಲಿಲ್ಲ. ಬ್ಯಾಂಕಿನಿಂದ ತಂದ ನೂರರ ಕಟ್ಟು, ಫೈಲು, ಫೋಟೋ ಎಲ್ಲ ಬಲಗಡೆಯ ಹಳದಿ ಚೀಲದಲ್ಲಿ, ಬಟ್ಟೆಯ ಮೇಲೆ ಇತ್ತು. ತೆಗೆದು ಕೊಟ್ಟೆ, ಮತ್ತೆ ಸುತ್ತಿ ಕ್ಲಿಪ್ ಹಾಕಿದೆ.

ನಿಜವಾದ ಪರೀಕ್ಷೆ ಪೋಖರಾ ಬಿಟ್ಟ ಮೇಲೆ. ಬೇನಿಯ ಕಡೆ ಹೋಗುವ ದಾರಿಯಲ್ಲಿ ಲುಮ್ಲೆ ಅಂತ ಊರು ಸಿಗುತ್ತದೆ. ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗ, ಅವರ ಆಗುಂಬೆ ಅನ್ನಿ. ಏಪ್ರಿಲ್ ಮೊದಲ ವಾರ, ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ಮಳೆ ಹಿಡಿಯಿತು. ಮೊದಲು ಆಲಿಕಲ್ಲು, ಹೆಲ್ಮೆಟ್ಟಿನ ಮೇಲೆ ಕಡಲೆ ಹುರಿದ ಹಾಗೆ ಸದ್ದು. ಆಮೇಲೆ ಎರಡು ಗಂಟೆ ಧಾರಾಕಾರ. ಬೇನಿಯ ಲಾಡ್ಜಿನಲ್ಲಿ ಚೀಲದ ಸುತ್ತು ಬಿಚ್ಚುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಬ್ಯಾಗ್ ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಚೀಲದೊಳಗೆ ಭನ್ಸಾರ್ ಚೀಟಿ, ಪೋಖರಾದಲ್ಲಿ ಮಾಡಿಸಿದ ಅನ್ನಪೂರ್ಣಾ ಸಂರಕ್ಷಿತ ಪ್ರದೇಶದ ಪರ್ಮಿಟ್, ನೂರರ ನೋಟು, ಕೊನೆಗೆ ಬೆಂಕಿಪೊಟ್ಟಣವೂ ಒಣ. ರಾತ್ರಿಯೇ ಕುಶನ್ ಅಂಗಡಿಯವರಿಗೆ ಫೋಟೋ ಕಳಿಸಿದೆ.

ಮುಂದೆ ನನ್ನ ಸಿಟ್ಟೂ ಇಳಿಯುತ್ತ ಬಂತು. ತಾತೋಪಾನಿ ದಾಟಿ ಘಾಸಾದ ಕಡೆ ಹತ್ತುವಾಗ ಉರುಟು ಕಲ್ಲಿನ ಮೇಲೆ ಚಕ್ರ ಜಾರಿ ಎಡಕ್ಕೆ ಬಿದ್ದೆ. ಕಾಲು ಬ್ಯಾಗಿನ ಅಡಿಗೆ ಸಿಕ್ಕಿತು. ಬ್ಯಾಗ್ ಮೆತ್ತಗೆ ಅಮುಕಿಕೊಂಡಿತು, ಕಾಲಿಗೆ ಗೀರು ಗಾಯವೂ ಇಲ್ಲ. ಲೋಹದ ಪೆಟ್ಟಿಗೆ ಆಗಿದ್ದರೆ ಏನಾಗುತ್ತಿತ್ತೋ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬ್ಯಾಗಿನ ಬಟ್ಟೆಗೆ ಒಂದು ಸಣ್ಣ ಉಜ್ಜು, ಒಂದು ಎಳೆಯೂ ಕಿತ್ತಿರಲಿಲ್ಲ. ಈ ಹೊಲಿಗೆ ಮಾಡಿದವರ ಕೆಲಸಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಜೋಮ್‌ಸೋಮ್ ಕಡೆ ಕಾಳಿ ಗಂಡಕಿಯ ಕಣಿವೆಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ಏಳುತ್ತದೆ, ಬೈಕನ್ನೇ ಪಕ್ಕಕ್ಕೆ ತಳ್ಳುವಷ್ಟು. ಅದರ ಜೊತೆ ನುಣ್ಣನೆ ಧೂಳು ಜಿಪ್ಪಿನ ಹಲ್ಲಿಗೆ ಸೇರಿಕೊಂಡು ಜಿಪ್ ಕಚ್ಚಿಕೊಂಡಿತು. ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಿಕ್ಕಿ, ಮೇಣದಬತ್ತಿ ಉಜ್ಜಿದ ಮೇಲೆ ಸರಿಯಾಯಿತು. ಆಮೇಲೆ ಪ್ರತಿ ಸಂಜೆ ಇದೇ ಕೆಲಸ. ಮುಕ್ತಿನಾಥ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಬೈಕ್ ಕೆಳಗೆ ನಿಲ್ಲಿಸಿ ನಡೆದು ಹತ್ತಿ, 108 ಧಾರೆಯ ತಣ್ಣೀರಿಗೆ ತಲೆಯೊಡ್ಡಿ ಬಂದೆ. ಒದ್ದೆ ಪಂಚೆ ಬದಲಿಸಲು ಒಣ ಬಟ್ಟೆ ಇತ್ತು.

ಮೂರು ವರ್ಷದಲ್ಲಿ ಒಂದು ಜಿಪ್ಪಿನ ಹಿಡಿ ಮುರಿದಿದೆ, ದಾರ ಕಟ್ಟಿಕೊಂಡಿದ್ದೇನೆ. ಬಣ್ಣ ಮಾಸಿದೆ. ಬೆಲ್ಟಿನ ಬಕಲ್ ಇನ್ನೂ ಟಕ್ ಅಂತ ಕೂರುತ್ತದೆ. ಆ ರೇನ್ ಕವರನ್ನೂ ಬಿಸಾಡಿಲ್ಲ, ಟ್ಯೂಬ್ ಬದಲಿಸುವಾಗ ನೆಲಕ್ಕೆ ಹಾಸಿ ಕೂರುತ್ತೇನೆ. ಬ್ಯಾಗಿಗೆ ನಾಲ್ಕು ಸ್ಟಾರ್, ಕವರಿಗೆ ಒಂದೂ ಇಲ್ಲ. ಏಳು ಸಾವಿರದ ಆಸುಪಾಸಿನಲ್ಲಿ ಮುಗಿಸಬೇಕು, ಊರಲ್ಲಿ ಒಬ್ಬ ಒಳ್ಳೇ ಕುಶನ್ ಅಂಗಡಿಯವರಿದ್ದಾರೆ ಅನ್ನುವವರು ಧೈರ್ಯವಾಗಿ ಕೊಳ್ಳಿ. ನಗರದಲ್ಲಿದ್ದು ಇಂಥ ಕೆಲಸಕ್ಕೆ ಓಡಾಡಲು ಪುರುಸೊತ್ತಿಲ್ಲದವರು ಇನ್ನೊಂದಿಷ್ಟು ದುಡ್ಡು ಹಾಕಿ, ಬಾಯಿ ಸುತ್ತಿ ಮುಚ್ಚುವ ಪೂರ್ತಿ ವಾಟರ್‌ಪ್ರೂಫ್ ಬ್ಯಾಗನ್ನೇ ತಗೊಳ್ಳಿ.

ಮುಂದಿನ ಸಲ ಭೂತಾನ. ಜೈಗಾಂವ್ ದಾಟಿ ಫುಂಟ್‌ಶೋಲಿಂಗ್ ಮೂಲಕ ಥಿಂಫು, ಪಾರೋ. ಅಲ್ಲಿ ಭಾರತೀಯರಿಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ. ಏಳು ರಾತ್ರಿಗೆ 8,400, ಬ್ಯಾಗಿಗಿಂತ ಜಾಸ್ತಿ. ಅದಕ್ಕೇ ದಿನ ಲೆಕ್ಕ ಹಾಕುತ್ತ ಕೂತಿದ್ದೇನೆ. ಈ ವಾರ ಟ್ಯಾಂಕ್ ಮೇಲೆ ಇಡುವ ಚಿಕ್ಕ ಬ್ಯಾಗನ್ನೂ ಕುಶನ್ ಅಂಗಡಿಗೆ ಕೊಟ್ಟು ಬಂದೆ. ಅದಕ್ಕೂ ಒಂದು ಒಳಚೀಲ, ಹಳದಿಯದೇ ಆಗಬೇಕು ಅಂದಿದ್ದೇನೆ. ಶನಿವಾರ ಕೊಡುತ್ತಾರಂತೆ.